ಸೋಮವಾರದ ಹೊಗೆಯ ಖಾತೆ ಬದಲಾವಣೆ

ಇಂದ,
ಮಾದಣ್ಣ ಬಿನ್ ಲೇಟ್ ಸಿದ್ದಯ್ಯ, ವಯಸ್ಸು ನಲವತ್ತೇಳು,
ಸ್ವಂತ ಊರು ಉಮ್ಮತ್ತೂರು, ಚಾಮರಾಜನಗರ ತಾಲ್ಲೂಕು,
ಹಾಲಿ ವಾಸ ಗುಂಡ್ಲುಪೇಟೆ, ಬಾಡಿಗೆ ರೂಮು,
ಹುದ್ದೆ: ಕನ್ನಡಿ ಒರೆಸುವವನು (ದಿನಗೂಲಿ).

ಗೆ,
ಡಾ. ರಘುನಾಥ ಅವರು,
ಮುಖ್ಯಸ್ಥರು, ಲೇಸರ್ ಗಾಳಿ ಮಾಪನ ಯೋಜನೆ,
ಗುಂಡ್ಲುಪೇಟೆ ಘಟಕ, ಎರಡನೇ ಮಹಡಿ, ಎ.ಸಿ. ಕೋಣೆ.

ವಿಷಯ: ಪ್ರತಿ ಸೋಮವಾರ ಸಂಜೆ ೬-೧೦ರಿಂದ ೬-೩೫ರವರೆಗೆ ಹೆದ್ದಾರಿಯ ಮೇಲೆ ತಮ್ಮ ಯಂತ್ರಕ್ಕೆ ಕಂಡುಬಂದಿರುವ ಹೊಗೆಯು ಶ್ರೀಮತಿ ಮಲ್ಲಾಜಮ್ಮನವರ ಒಲೆಯದಲ್ಲವೆಂದು ತೀರ್ಮಾನಿಸಿ, ಸದರಿ ಹೊಗೆಯನ್ನು ಅರ್ಜಿದಾರನ ಹೆಸರಿಗೆ ಖಾತೆ ಮಾಡಿಕೊಡುವ ಬಗ್ಗೆ.

ಉಲ್ಲೇಖ:
(೧) ಹೆದ್ದಾರಿ ಬದಿ ಗಾಳಿ ಶುದ್ಧಿ ಸಮಿತಿಯು ದಿನಾಂಕ ೧೨-೧೧-೨೦೨೫ರಂದು ಮಲ್ಲಾಜಮ್ಮನವರ ಹೋಟೆಲಿನ ಗೋಡೆಗೆ ಅಂಟಿಸಿದ ನೋಟಿಸು.
(೨) ದಿನಾಂಕ ೧೮-೧೧-೨೦೨೫ರಂದು ತಾವು ಮೆಟ್ಟಿಲ ಮೇಲೆ ನಿಂತು ನೀಡಿದ ಮೌಖಿಕ ಆದೇಶ: "ನೀನು ಕನ್ನಡಿ ಒರೆಸು, ಹೊಗೆ ವಿಷಯ ನಾನು ನೋಡ್ಕೋತೀನಿ."
(೩) ದಿನಾಂಕ ೧೯-೧೧-೨೦೨೫ರಂದು ಅರ್ಜಿದಾರನ ಹೆಂಡತಿ ಗುರುಮಲ್ಲಮ್ಮ ಉಮ್ಮತ್ತೂರಿನಿಂದ ಫೋನಿನಲ್ಲಿ ನೀಡಿದ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಉಲ್ಲೇಖ ೨ ಮತ್ತು ೩ರ ಆದೇಶಗಳು ಒಂದಕ್ಕೊಂದು ವಿರುದ್ಧವಾಗಿವೆ. ಉಲ್ಲೇಖ ೩ರ ವಿರುದ್ಧ ಮೇಲ್ಮನವಿ ಸಲ್ಲಿಸಲು ಯಾವ ಕಚೇರಿಯೂ ಇಲ್ಲದ ಕಾರಣ ಈ ಅರ್ಜಿ. ಇದರಲ್ಲಿ ಅರ್ಜಿದಾರನನ್ನು ಉದ್ದಕ್ಕೂ "ಅವನು" ಎಂದೇ ಬರೆದಿದೆ. ತಪ್ಪು ಒಪ್ಪಿಕೊಳ್ಳುವಾಗ ನಾನು ನಾನು ಎಂದರೆ ಅದರಲ್ಲೂ ಒಂದು ಜಂಬ ಇಣುಕುತ್ತದೆಂದು ಅವನ ಅನಿಸಿಕೆ.

೧. ಸದರಿ ಯೋಜನೆಯ ಲೇಸರ್ ಯಂತ್ರ ಹೆದ್ದಾರಿಯ ಈ ಬದಿ ತಮ್ಮ ಕಚೇರಿಯಲ್ಲಿದೆ. ಅಲ್ಲಿಂದ ಹೊರಟ ಬೆಳಕು ಕೇರಳಕ್ಕೆ ತರಕಾರಿ ಹೊತ್ತು ಹೋಗುವ ಲಾರಿಗಳ ತಲೆಯ ಮೇಲೆ, ಮಲ್ಲಾಜಮ್ಮನವರ ಹೋಟೆಲಿನ ಶೀಟಿನ ಮೇಲೆ ಹಾಯ್ದು, ನಾನೂರು ಮೀಟರ್ ಆಚೆ ಶಿವಶಂಕರ ಎಂಬ ವರ್ತಕರ ಈರುಳ್ಳಿ ಮಂಡಿಯ ತಾರಸಿಯಲ್ಲಿರುವ ಕನ್ನಡಿಗೆ ಬಡಿದು, ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆ ಕನ್ನಡಿಯ ಮೇಲೆ ಈರುಳ್ಳಿ ಸಿಪ್ಪೆ, ರಸ್ತೆಯ ಧೂಳು, ಪಾರಿವಾಳದ ಹಿಕ್ಕೆ ಕೂರದ ಹಾಗೆ ನೋಡಿಕೊಳ್ಳುವುದು ಅರ್ಜಿದಾರನ ಕೆಲಸ. ದಿನಾ ಸಂಜೆ ೫-೪೫ಕ್ಕೆ ಯಂತ್ರ ನಿಲ್ಲಿಸುತ್ತಾರೆ, ಅವನು ಒರೆಸುತ್ತಾನೆ. ೬-೧೦ಕ್ಕೆ ತಮ್ಮ ಸಂಶೋಧನಾ ಸಹಾಯಕಿ ರೂಪಶ್ರೀ ಮೇಡಂ ಯಂತ್ರ ಶುರುಮಾಡಿ ಫೋನಿನಲ್ಲಿ "ಆಯ್ತು ಮಾದಣ್ಣ" ಅನ್ನುತ್ತಾರೆ. ಸೋಮವಾರ ಬೆಳಿಗ್ಗೆ ಉಮ್ಮತ್ತೂರಿನ ಬಸ್ಸು ಹತ್ತಿ ಬಂದರೆ ಶನಿವಾರ ಸಂಜೆಯವರೆಗೆ ಅವನ ಬದುಕು ಇಷ್ಟೇ. ಅವನಿಗೆ ಇದರಲ್ಲಿ ಯಾವ ಕೊರತೆಯೂ ಕಂಡಿಲ್ಲ.

೨. ಕೆಲಸಕ್ಕೆ ಸೇರಿದ ದಿನ ಯಂತ್ರ ತೋರಿಸಲು ಅವನನ್ನು ಕರೆದೊಯ್ದಿರಿ. ಬಾಗಿಲಲ್ಲಿ "ಪಾದರಕ್ಷೆಗಳನ್ನು ಹೊರಗೆ ಬಿಡಿ" ಎಂಬ ಬೋರ್ಡು. ಒಳಗೆ ತಂಪು, ಮಬ್ಬುಗತ್ತಲು. ಒಳಗೆ ಹೋಗುವವರು ಇಬ್ಬರೇ, ಅವರೂ ಬಿಳಿ ಬಟ್ಟೆ ತೊಟ್ಟು. ಮುಟ್ಟುವ ಹಾಗಿಲ್ಲ, ಸೀನುವ ಹಾಗಿಲ್ಲ, ಬಾಗಿಲು ಜೋರಾಗಿ ಹಾಕುವ ಹಾಗಿಲ್ಲ. ಅರ್ಜಿದಾರನಿಗೆ ಹೊಸ್ತಿಲಿಂದ ಈಚೆ ನಿಂತು ನೋಡಲು ಅನುಮತಿ ಸಿಕ್ಕಿತು. ಹೊಸ್ತಿಲಿಂದ ಈಚೆ ನಿಂತು ನೋಡುವುದರಲ್ಲಿ ಅವನ ಮನೆತನಕ್ಕೆ ನಾಲ್ಕಾರು ತಲೆಮಾರಿನ ಅನುಭವ ಇದ್ದುದರಿಂದ ಬೇರೆ ತರಬೇತಿ ಬೇಕಾಗಲಿಲ್ಲ. ಕೈ ತಾನಾಗಿ ಮುಗಿಯಿತು. "ಏಯ್, ಕೈಗಿಯ್ಯೆಲ್ಲಾ ಮುಗೀಬೇಡಪ್ಪ, ಇದು ಸೈನ್ಸು" ಅಂದಿರಿ. ಆದರೆ ಬೋರ್ಡು ತೆಗೆಸಲಿಲ್ಲ.

೩. ಅರ್ಜಿದಾರ ಮಾದಪ್ಪನ ಒಕ್ಕಲು. ಸೋಮವಾರ ಒಪ್ಪತ್ತು ಇರುತ್ತಾನೆ. ಹೊತ್ತು ಮುಳುಗುವವರೆಗೆ ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಅನ್ನ ಕೊಡುವ ಸಾಮಾನಿಗೆ ಸೋಮವಾರ ಧೂಪ ಹಾಕುವುದು ಅವರ ಮನೆಯ ಪದ್ಧತಿ. ಅವನ ಅಪ್ಪ ನೇಗಿಲಿಗೆ ಹಾಕುತ್ತಿದ್ದ. ಅವನ ಹೆಂಡತಿ ಕುಡುಗೋಲಿಗೆ ಹಾಕುತ್ತಾಳೆ. ಮಂಡಿಯ ಶಿವಶಂಕರ ಅವರು ತಕ್ಕಡಿಗೆ ಹಾಕುತ್ತಾರೆ, ತಕ್ಕಡಿ ಮಾತ್ರ ಹೇಗೆ ತೂಗಬೇಕೋ ಹಾಗೇ ತೂಗುತ್ತದೆ. ಅರ್ಜಿದಾರನಿಗೆ ಅನ್ನ ಕೊಡುವುದು ಕನ್ನಡಿ. ಆದ್ದರಿಂದ ದಿನಾಂಕ ೭-೭-೨೦೨೫ರ ಸೋಮವಾರದಿಂದ ಮೊದಲ್ಗೊಂಡು ಅವನು ಕನ್ನಡಿಗೆ ವಿಭೂತಿ ಇಡದೆ (ಗಾಜಿಗೆ ಏನೂ ಹಚ್ಚಬಾರದೆಂಬ ಸೂಚನೆ ಇದ್ದ ಕಾರಣ), ಅದರ ಗೂಡಿನ ಬುಡದಲ್ಲಿ ಧೂಪದ ಬಟ್ಟಲಿಟ್ಟು ಸಾಂಬ್ರಾಣಿ ಹಾಕಿದ್ದಾನೆ. ಮೇಡಂ "ಆಯ್ತು ಮಾದಣ್ಣ" ಅಂದ ಕೂಡಲೇ ಹಾಕುತ್ತಿದ್ದ. ಬಾಗಿಲು ತೆರೆದ ಮೇಲೆ ತಾನೇ ಮಂಗಳಾರತಿ. ಕನ್ನಡಿಗೆ ಮಳೆ ಬೀಳದಿರಲೆಂದು ತಾವೇ ಕಟ್ಟಿಸಿದ ತಗಡಿನ ಗೂಡು ಇದೆಯಲ್ಲ, ಹೊಗೆ ಅದರೊಳಗೆ ತುಂಬಿ, ಸುತ್ತಿ, ನಿಧಾನಕ್ಕೆ ಹೊರಗೆ ಹೋಗುತ್ತಿತ್ತು. ಇಪ್ಪತ್ತೈದು ನಿಮಿಷಕ್ಕೆ ಕೆಂಡ ಆರುತ್ತಿತ್ತು. ಕಾರ್ತಿಕ ಸೋಮವಾರಗಳಲ್ಲಿ ಎರಡು ಬಟ್ಟಲು ಇಟ್ಟದ್ದೂ ನಿಜ.

೪. ಇಲ್ಲೊಂದು ಸಂಗತಿ ಮುಚ್ಚಿಟ್ಟರೆ ಅರ್ಜಿ ಗಟ್ಟಿಯಾಗುತ್ತದೆ, ಆದರೆ ಸುಳ್ಳಾಗುತ್ತದೆ. ಸದರಿ ಧೂಪಕ್ಕೆ ಕೆಂಡವನ್ನು ಅವನು ಪ್ರತಿ ಸೋಮವಾರ ಮಲ್ಲಾಜಮ್ಮನವರ ಒಲೆಯಿಂದಲೇ ತರುತ್ತಿದ್ದ. ಮಲ್ಲಾಜಮ್ಮ ಬೇಗೂರಿನವರು, ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಅದೇ ಜಾಗದಲ್ಲಿ ಸೌದೆ ಒಲೆಯ ಮೇಲೆ ಮುದ್ದೆ, ಹುರುಳಿ ಸಾರು ಮಾಡಿ ಬಡಿಸುತ್ತಾ ಬಂದಿದ್ದಾರೆ. ಸೋಮವಾರ ಸಂಜೆ ಅವರಲ್ಲಿ ಒಪ್ಪತ್ತು ಬಿಡುವವರು ನಲವತ್ತು ಜನ. ಅರ್ಜಿದಾರ ಅವರಲ್ಲಿ ಒಬ್ಬ. ಕೆಂಡ ಕೊಟ್ಟವರೂ ಅವರೇ, ಧೂಪ ಹಾಕಿ ಬಂದವನಿಗೆ ಮೊದಲ ಮುದ್ದೆ ಬಡಿಸಿದವರೂ ಅವರೇ. ಕೆಂಡ ಅವರದು, ಹೊಗೆ ಯಾರದು ಎಂಬ ಪ್ರಶ್ನೆ ಕಾನೂನಿನಲ್ಲಿ ಹೇಗೋ ಗೊತ್ತಿಲ್ಲ. ಅರ್ಜಿದಾರನ ತಿಳಿವಳಿಕೆ ಪ್ರಕಾರ ಕೆಂಡ ಕೊಟ್ಟವರಿಗೆ ಬರಬೇಕಾದ್ದು ಪುಣ್ಯ, ನೋಟಿಸಲ್ಲ.

೫. ಅತ್ತ ಕಚೇರಿಯಲ್ಲಿ ತಾವು ಯಂತ್ರದ ಗೆರೆಗಳಲ್ಲಿ ಪ್ರತಿ ಸೋಮವಾರ ಒಂದು ಗೋಪುರ ಏಳುವುದನ್ನು ಕಂಡು ಸಂತೋಷಪಟ್ಟಿರಿ. ಗೋಪುರಕ್ಕೆ "ಸೋಮವಾರ ಪರಿಣಾಮ" ಎಂದು ಹೆಸರಿಟ್ಟಿರಿ. ಡಿಸೆಂಬರಿನಲ್ಲಿ ದೆಹಲಿಯ ಸಮ್ಮೇಳನದಲ್ಲಿ ಅದರ ಮೇಲೆ ತಮ್ಮ ಭಾಷಣ ನಿಗದಿಯಾಯಿತು. ಕಾರ್ತಿಕದಲ್ಲಿ ಗೋಪುರ ಇಮ್ಮಡಿ ಎತ್ತರಕ್ಕೆ ಹೋದಾಗ ತಾವು ಕಚೇರಿಗೆಲ್ಲ ಮೈಸೂರು ಪಾಕು ತರಿಸಿ ಹಂಚಿದಿರಿ. ಅರ್ಜಿದಾರನಿಗೂ ಎರಡು ತುಂಡು ಬಂತು. ಯಾಕೆಂದು ಅವನು ಕೇಳಲಿಲ್ಲ. ತಿಂದ ತಪ್ಪಿಗೆ ಈಗ ವಿಷಾದಿಸುತ್ತಾನೆ.

೬. ಗೋಪುರ ಸಿಕ್ಕಿತು, ಅದಕ್ಕೊಂದು ಊರು ಬೇಕಾಯಿತು. ಮೊದಲು ಲಾರಿಗಳ ಮೇಲೆ ಅನುಮಾನ ಬಂತು. ಮಾರನೆಯ ದಿನವೇ ಲಾರಿಯವರು ಸಂಘದ ಲೆಟರ್‌ಹೆಡ್ಡು ಹಿಡಿದು ಬಂದು, ವಾರವೆಲ್ಲ ಓಡುವ ಲಾರಿ ಸೋಮವಾರ ಮಾತ್ರ ಹೊಗೆ ಬಿಡುವುದು ಹೇಗೆ ಎಂದು ಕೇಳಿದರು. ತಾವು ಕಾಫಿ ತರಿಸಿದಿರಿ. ಆಮೇಲೆ ಬೆಳಕು ಹಾಯುವ ದಾರಿಯಲ್ಲಿ ಸೋಮವಾರ ಸಂಜೆ ಜನ ಹೆಚ್ಚು ಸೇರುವ ಜಾಗ ಯಾವುದೆಂದು ಹುಡುಕಲಾಯಿತು. ಮಲ್ಲಾಜಮ್ಮನವರ ಬಳಿ ಲೆಟರ್‌ಹೆಡ್ಡು ಇರಲಿಲ್ಲ, ಚಿಮಣಿ ಇತ್ತು. ಆದ ಕಾರಣ ಉಲ್ಲೇಖ ೧ರ ನೋಟಿಸು. ಸದರಿ ಸಮಿತಿಯ ತಾಂತ್ರಿಕ ಸದಸ್ಯರೂ ತಾವೇ ಆಗಿರುವುದರಿಂದ ಸಹಿ ಗುರುತಿಸಲು ಕಷ್ಟವಾಗಲಿಲ್ಲ.

೭. ನೋಟಿಸು ಅಂಟಿಸಿದ ಬುಧವಾರ ಸಂಜೆ ಅರ್ಜಿದಾರ ಊಟಕ್ಕೆ ಕೂತಿದ್ದ. ಮಲ್ಲಾಜಮ್ಮ ಸೌಟು ಹಿಡಿದೇ ಬಂದು ಗೋಡೆ ತೋರಿಸಿದರು.

"ಅಣ್ಣ, ಇದರಲ್ಲಿ ಏನ್ ಬರ್ದವ್ರ ಓದು. ನಂಗ ನನ್ ಎಸ್ರು ಒಂದೇ ಗೊತ್ತಾಯ್ತಾ ಇರದು."

ಅವನು ಓದಿದ. ಸೌದೆ ಒಲೆಯನ್ನು ಹದಿನೈದು ದಿನದೊಳಗೆ, ಎಂದರೆ ೨೭-೧೧ರೊಳಗೆ ನಿಲ್ಲಿಸಬೇಕು; ತಪ್ಪಿದರೆ ಹೋಟೆಲು ಮುಚ್ಚಲಾಗುವುದು; ಪ್ರತಿ ಸೋಮವಾರ ಸಂಜೆ ೬-೧೦ರಿಂದ ೬-೩೫ರವರೆಗೆ ಅಪಾಯಕರ ಅನಿಲ ಹೊರಬರುತ್ತಿರುವುದು ಲೇಸರ್ ಮುಖಾಂತರ ದೃಢಪಟ್ಟಿದೆ.

"ಸೋಮ್ವಾರವಾ?" ಅಂದರು ಮಲ್ಲಾಜಮ್ಮ. "ನನ್ ಒಲೆ ಸೋಮ್ವಾರ ಒಗೆ ಉಗುಳ್ಬುಟ್ಟು ಮಂಗಳ್ವಾರದಿಂದ ಉಪಾಸ ಮಾಡ್ತದಾ? ಯಾವ ಗ್ಯಾನಸ್ತ ಬರ್ದನ್ಲಾ ಇದ."

ಪಕ್ಕದ ಬೆಂಚಿನ ಲಾರಿ ಡ್ರೈವರು, "ಗ್ಯಾಸ್ ಒಲೆ ಇಕ್ಕಳಿ ಅಕ್ಕ, ಅಷ್ಟೇಯ" ಅಂದ.

"ಗ್ಯಾಸಲ್ಲಿ ಟೀ ಆಯ್ತದ ಕಣಪ್ಪ. ನಲ್ವತ್ತು ಜನದ ಮುದ್ದೆ ತೊಳ್ಸಕ ನಿಮ್ಮವ್ವ ಬತ್ತಾಳಾ? ಒಲೆ ಆರುದ್ರ ನಾನು ಬೇಗೂರಿಗ ಓಗಿ ತಮ್ಮನ್ ಮನೆ ಜಗ್ಲಿ ಕಾಯ್ಬೇಕು, ಅಷ್ಟೇಯ."

ಅರ್ಜಿದಾರ ಆ ಎರಡು ವೇಳೆಗಳನ್ನು ಮತ್ತೆ ಓದಿದ. ಅವನ ಬಳಿ ಗಡಿಯಾರ ಇಲ್ಲ, ಫೋನು ಇದೆ, ಅದರಲ್ಲಿ "ಆಯ್ತು ಮಾದಣ್ಣ" ಬಂದ ಹೊತ್ತು ದಿನಾ ದಾಖಲಾಗಿದೆ. ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತು. "ಯಾಕಣ್ಣ, ಸಾರು ಖಾರ ಆಯ್ತಾ?" ಎಂದು ಅವರು ಕೇಳಿದಾಗ ಅವನು ಹೌದೆಂದ. ಇದು ಅವನ ಎರಡನೆಯ ತಪ್ಪು.

೮. ಗುರುವಾರ ಅವನು ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಲ್ಲಿ ನಿಂತು ರೂಪಶ್ರೀ ಮೇಡಮ್ಮನವರನ್ನು ಕೇಳಿದ, ಯಂತ್ರಕ್ಕೆ ಹೊಗೆ ಹೇಗೆ ಗೊತ್ತಾಗುತ್ತದೆಂದು. ಮೈಸೂರಿನ ಹುಡುಗಿ, ಎಂ.ಎಸ್ಸಿ. ಮಾಡಿದವರು. ಕೇಳಿದ್ದಕ್ಕೆ ಉತ್ತರ ಕೊಡುವ ಕೆಟ್ಟ ಅಭ್ಯಾಸ ಇನ್ನೂ ಬಿಟ್ಟಿಲ್ಲ.

"ಒಂದೊಂದು ಅನಿಲಕ್ಕೂ ತಿನ್ನೋ ಬಣ್ಣ ಒಂದೊಂದಿರುತ್ತೆ ಮಾದಣ್ಣ. ನಮ್ಮ ಕಣ್ಣಿಗೆ ಕಾಣದ ಬಣ್ಣ. ಬೇರೆ ಲೇಸರ್‌ಗಳು ಒಂದೇ ಬಣ್ಣ ಹಿಡ್ಕೊಂಡು ಕೂತಿರ್ತವೆ. ಇದು ಹಾಗಲ್ಲ, ಇದನ್ನ ಶ್ರುತಿ ಮಾಡಬಹುದು. ತಂಬೂರಿ ಬಿರಡೆ ತಿರುಗಿಸ್ತಾರಲ್ಲ, ಹಾಗೆ. ನಾವಿಲ್ಲಿ ಅದರ ಬಿಸಿ ಒಂಚೂರು, ಕರೆಂಟು ಒಂಚೂರು ಹೆಚ್ಚುಕಮ್ಮಿ ಮಾಡಿದ್ರೆ ಬಣ್ಣ ಒಂದು ಕೂದಲಷ್ಟು ಸರಿಯುತ್ತೆ. ಸರಿಸ್ತಾ ಸರಿಸ್ತಾ ಹೋದಾಗ ಕೆಂಡದ ಅನಿಲ ತಿನ್ನೋ ಬಣ್ಣ ಬಂತು ಅನ್ನಿ, ಅಲ್ಲಿ ಬೆಳಕು ಕಮ್ಮಿಯಾಗುತ್ತೆ. ಎಷ್ಟು ಕಮ್ಮಿಯಾಯ್ತೋ ಅಷ್ಟು ಅನಿಲ ಇದೆ ಅಂತ."

"ಧೂಳು ಬಂದ್ರೂ ಕಮ್ಮಿ ಆಯ್ತದಲ್ವಾ ಮೇಡಂ?"

"ಧೂಳು ಎಲ್ಲ ಬಣ್ಣನೂ ಮಂಕು ಮಾಡುತ್ತೆ. ಅನಿಲ ತನ್ನದೊಂದನ್ನೇ ತಿನ್ನೋದು. ಅದಕ್ಕೇ ಇದು ಮೋಸ ಹೋಗಲ್ಲ."

ಅರ್ಜಿದಾರ ತಂಬೂರಿ ಕಥೆ ಕೇಳಿ ಬೆಳೆದವನು. ಕಥೆ ಮಾಡುವವರು ಶ್ರುತಿ ಸೇರುವವರೆಗೆ ಬಾಯಿ ಬಿಡುತ್ತಿರಲಿಲ್ಲ, ಕೂತ ಜನ ಕೆಮ್ಮುತ್ತಿರಲಿಲ್ಲ. ಆದ್ದರಿಂದ ಈ ಮಾತು ಅವನಿಗೆ ಪೂರ್ತಿ ಅರ್ಥವಾಯಿತು, ಗೌರವವೂ ಹೆಚ್ಚಿತು. ಅವನು ಇನ್ನೊಂದು ಕೇಳಿದ.

"ಆ ಅನಿಲ ಎಲ್ಲದ ಅಂತ ಯೇಳ್ತದಾ ಮೇಡಂ, ಇದು?"

"ಇಲ್ಲ. ಇಲ್ಲಿಂದ ಕನ್ನಡೀವರೆಗೆ ಒಟ್ಟು ಎಷ್ಟಿದೆ ಅಂತ ಮಾತ್ರ. ದಾರಿಯಲ್ಲಿ ಎಲ್ಲಿದೆ ಅಂತ ಈ ಯಂತ್ರಕ್ಕೆ ಗೊತ್ತಾಗಲ್ಲ."

"ಮತ್ತ ಮಲ್ಲಾಜಮ್ಮನ ಒಲೆ ಅಂತ ಯಾರು ಯೇಳುದ್ರು?"

"ಅದು ಸರ್ ಹೇಳಿದ್ದು."

ಆದ ಕಾರಣ ಯಂತ್ರದ ಮೇಲೆ ಅರ್ಜಿದಾರನಿಗೆ ಯಾವ ದೂರೂ ಇಲ್ಲ.

೯. ಅಂದು ಸಂಜೆ ಅವನು ಯಂತ್ರ ನಿಂತಿದ್ದಾಗ ಕನ್ನಡಿ ಒರೆಸುತ್ತಾ ಕೂತ. ಸದರಿ ಕನ್ನಡಿ ಮೂರು ಗಾಜುಗಳನ್ನು ಮೂಲೆಗೆ ಕೂಡಿಸಿ ಮಾಡಿದ್ದು. ಯಾವ ಕಡೆಯಿಂದ ಬೆಳಕು ಬಂದರೂ ಬಂದ ಕಡೆಗೇ ಕಳಿಸುತ್ತದೆ. ಹಾಗಾಗಿ ಅದರಲ್ಲಿ ಪಕ್ಕದವರ ಮುಖ ನೋಡಲಾಗದು. ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ, ಕೂತರೂ ನಿಂತರೂ, ನಡುವಿನ ಮೂಲೆಯಲ್ಲಿ ನೋಡುವವನ ಕಣ್ಣೇ ಅವನನ್ನು ನೋಡುತ್ತಿರುತ್ತದೆ. ನಾಲ್ಕು ತಿಂಗಳಿಂದ ಒರೆಸಿದ್ದ, ಇದನ್ನು ಗಮನಿಸಿರಲಿಲ್ಲ. ಅಂದು ಬಟ್ಟೆ ಮುಚ್ಚಿ ಒರೆಸಿದ.

೧೦. ಆದರೂ ಕೆಲಸ ಹೋಗುವ ಮಾತು. ಪರೀಕ್ಷೆ ಮಾಡದೆ ಒಪ್ಪಿಕೊಳ್ಳುವುದು ಬೇಡವೆಂದು ಅವನು ೧೪-೧೧ರ ಶುಕ್ರವಾರ ಧೂಪ ಹಾಕಲು ತೀರ್ಮಾನಿಸಿದ. ಬಟ್ಟಲು ಹಿಡಿದು ಹೋಗಿ ಕೆಂಡ ಕೇಳಿದರೆ ಮಲ್ಲಾಜಮ್ಮ ಬಟ್ಟಲನ್ನೇ ಹಿಂದಕ್ಕೆ ನೂಕಿದರು.

"ಸುಕ್ರವಾರ ದೀಪ ಅಚ್ಚೋ ಒತ್ನಲ್ಲಿ ಒಲೆ ಬೆಂಕಿ ಈಚ್ಗ ಕೊಟ್ರ ಲಕ್ಷ್ಮಿ ಓಯ್ತಾಳ ಕಣಣ್ಣ. ನೋಟೀಸು ಬೇರೆ ಅಂಟ್ಸವ್ರ. ಇದ್ದಬದ್ದಳ್ನೂ ನೀನ್ ಒತ್ಕೊಂಡೋಗ್ಬೇಡ."

ಮಂಗಳವಾರ ಶುಕ್ರವಾರ ಸಂಜೆ ಒಲೆಯ ಬೆಂಕಿ ಹೊರಗೆ ಕೊಡಬಾರದೆಂಬುದು ಈ ಸೀಮೆಯ ಎಲ್ಲ ಮನೆಗಳ ನಡವಳಿಕೆ. ಅವನು ಅದನ್ನು ಮರೆತದ್ದು ಗಾಬರಿಯಿಂದ. ಆದರೆ ಇದರಿಂದ ತಮ್ಮ ಶಾಸ್ತ್ರಕ್ಕೆ ಒಂದು ಉಪಕಾರವಾಯಿತು. ಅವನು ತಾರಸಿಯ ಮೇಲೆ ತಾನೇ ತೆಂಗಿನ ಚಿಪ್ಪು ಸುಟ್ಟು ಕೆಂಡ ಮಾಡಿಕೊಂಡ. ಅಂದರೆ ಶುಕ್ರವಾರದ ಧೂಪದಲ್ಲಿ ಮಲ್ಲಾಜಮ್ಮನವರ ಒಲೆಯ ಒಂದು ಕಿಡಿಯೂ ಇರಲಿಲ್ಲ. ಶನಿವಾರ ಬೆಳಿಗ್ಗೆ ರೂಪಶ್ರೀ ಮೇಡಂ ಹಾಳೆ ತೋರಿಸಿದರು. ಶುಕ್ರವಾರ ಸಂ. ೬-೧೦ಕ್ಕೆ ಗೋಪುರ ಎದ್ದಿತ್ತು, ಸೋಮವಾರದ್ದಕ್ಕಿಂತ ಎತ್ತರ. ಚಿಪ್ಪಿನ ಕೆಂಡ ಸೌದೆ ಕೆಂಡಕ್ಕಿಂತ ಜೋರು.

೧೧. ಇನ್ನರ್ಧ ಪರೀಕ್ಷೆ ೧೭-೧೧ರ ಸೋಮವಾರ. ಅದು ಈ ವರ್ಷದ ಕೊನೆಯ ಕಾರ್ತಿಕ ಸೋಮವಾರ. ಅಂದು ಅವನು ಧೂಪ ಹಾಕಲಿಲ್ಲ. ಬುದ್ಧಿ ಬಂದಾಗಿನಿಂದ ಅವನು ಬಿಟ್ಟ ಒಂದೇ ಕಾರ್ತಿಕ ಸೋಮವಾರ ಅದು. ಇದಕ್ಕೆ ಪರಿಹಾರ ಕೇಳುತ್ತಿಲ್ಲ, ದಾಖಲೆಗೆ ತಂದಿದೆ ಅಷ್ಟೆ. ಕೆಳಗೆ ಮಲ್ಲಾಜಮ್ಮನವರ ಒಲೆ ಎಂದಿನಂತೆ ಉರಿಯಿತು, ನಲವತ್ತು ಜನ ಉಂಡರು. ಗೋಪುರ ಏಳಲಿಲ್ಲ. ಹಾಳೆಯಲ್ಲಿ ಗೆರೆ ಹೊಲದ ಬದುವಿನ ಹಾಗೆ ಮಟ್ಟಸವಾಗಿ ಮಲಗಿತ್ತು.

೧೨. ಮಂಗಳವಾರ ತಮ್ಮನ್ನು ಮೆಟ್ಟಿಲ ಮೇಲೆ ಹಿಡಿದ.

"ಸಾರ್, ಆ ಒಗೆ ನಂದು."

"ಯಾವ ಹೊಗೆ? ಬೀಡಿ ಸೇದ್ತೀಯಾ ಅಲ್ಲಿ?"

"ಇಲ್ಲ ಸಾರ್. ಸಾಂಬ್ರಾಣಿ. ಕನ್ನಡಿಗ."

ತಾವು ಹಿಂದೆ ಮುಂದೆ ನೋಡಿ, ದನಿ ಇಳಿಸಿ ಹೇಳಿದಿರಿ: "ಅದಕ್ಕೆಲ್ಲ ಅಷ್ಟು ಬರಲ್ಲ ಮಾದಣ್ಣ. ನಾನು ಲೆಕ್ಕ ಹಾಕಿದೀನಿ. ಎಂಟು ಕೆ.ಜಿ. ಹಸಿ ಸೌದೆ ಉರಿದ್ರೆ ಮಾತ್ರ ಅಷ್ಟು ಬರೋದು."

"ದಾರಿಲಿ ಉರುದ್ರ ಎಂಟು ಕೇಜಿ ಬೇಕೇನೋ ಸಾರ್. ಇದು ಗೂಡೊಳ್ಗ, ಕನ್ನಡಿ ಮೂಗಿನ್ ಕೆಳ್ಗ. ಸುಕ್ರವಾರ ಆಕ್ದೆ, ಬಂತು. ನೆನ್ನ ಆಕ್ನಿಲ್ಲ, ಬರ್ನಿಲ್ಲ."

"ನೆನ್ನೆ ಬರದೇ ಇದ್ದದ್ದು ನೋಟಿಸ್ ಕೊಟ್ಟಿದ್ದಕ್ಕೆ. ಆಯಮ್ಮ ಹೆದರಿದಾಳೆ. ಶುಕ್ರವಾರ ಬಂದದ್ದು ಆಯಮ್ಮ ದಿನ ಬದಲಾಯಿಸಿದ್ದಕ್ಕೆ. ಎರಡೂ ನನ್ನ ಪೇಪರ್‌ಗೇ ಸಪೋರ್ಟು ನೋಡು." ಅನಂತರ ಉಲ್ಲೇಖ ೨ರ ಆದೇಶ ಹೊರಟಿತು.

ಅರ್ಜಿದಾರ ಕೇಳಿದ ಕಥೆಗಳಲ್ಲಿ ರಕ್ಕಸನ ತಲೆ ಕಡಿದರೆ ಅಲ್ಲೇ ಇನ್ನೊಂದು ತಲೆ ಹುಟ್ಟುತ್ತಿತ್ತು. ಕಡಿದ ತಲೆಯನ್ನೇ ಸಾಕ್ಷಿಗೆ ಕರೆದ ರಕ್ಕಸನನ್ನು ಅವನು ಕೇಳಿರಲಿಲ್ಲ. (ಈ ಎರಡು ವಾಕ್ಯಗಳನ್ನು ತಾವು ಓದದೆ ಮುಂದಕ್ಕೆ ಹೋಗಬಹುದು.)

೧೩. ಬುಧವಾರ ಬೆಳಿಗ್ಗೆ ಅವನು ಹೆಂಡತಿಗೆ ಫೋನು ಮಾಡಿದ. ಗುರುಮಲ್ಲಮ್ಮ ಅರಿಸಿನದ ಹೊಲದಲ್ಲಿ ಕೂಲಿಗೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡು ಹೇಳಿದಳು:

"ಆಯಮ್ಮನ ಮುಂದ ಬಾಯ್ಬುಟ್ಯಾ?"

"ಇನ್ನೂ ಇಲ್ಲ."

"ಒಂದ್ ವಾರದಿಂದ ಆಯಮ್ಮ ಇಕ್ಕಿದ್ ಮುದ್ದೆ ತಿಂತಾ ಇದ್ದೀಯಾ?"

"ಊಂ."

"ಎಂಗಿಳೀತು?"

ಅವನು ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

"ಕೆಲ್ಸ ಓದ್ರ ನಂಜೊತೆ ಅರಿಸ್ನ ಕೀಳಕ ಬಾ. ಮೊದ್ಲು ಆಯಮ್ಮಂಗ ಯೇಳು, ಆಮೇಲ ಆ ಡಾಕ್ಟ್ರಿಗ ಬರ್ದು ಕೊಡು. ಬಾಯ್ಮಾತು ಗಾಳಿಗ ಓಯ್ತದ. ಬರ್ದದ್ದಾದ್ರ ಅದ್ರ ಮ್ಯಾಲ ಟೀ ಲೋಟಾನಾರೂ ಮಡಗ್ತರ." ಫೋನು ಇಟ್ಟಳು.

೧೪. ಅಂದು ಸಂಜೆ ಗಿರಾಕಿಗಳು ಹೋದ ಮೇಲೆ ಅವನು ಮಲ್ಲಾಜಮ್ಮನವರಿಗೆ ಹೇಳಿದ. ಬಟ್ಟಲು, ಗೂಡು, ೬-೧೦, ಶುಕ್ರವಾರ, ಸೋಮವಾರ, ಒಂದನ್ನೂ ಬಿಡಲಿಲ್ಲ. ಅವರು ಒಲೆಯ ಕಡೆ ತಿರುಗಿದರು.

"ನಾನ್ ಕೊಟ್ಟ ಕೆಂಡ," ಅಂದರು.

"ಊಂ ಕಣವ್ವ."

"ನಂಗಿರ್ಲಿ ಬುಡು. ಒಂದ್ ವಾರದಿಂದ ಈ ಒಲೇನ ಬಾಯಿಗ್ ಬಂದಂಗ ಬಯ್ಕಂಡು ಊದ್ತಾ ಇವ್ನಿ. ಅನ್ನೊಂದು ವರ್ಸ ಅನ್ನ ಬೇಯ್ಸದ್ದು. ಅದ್ರ ಮುಂದ ಯಾರು ತಪ್ಪಾಯ್ತು ಅನ್ನರು?"

ಅರ್ಜಿದಾರ ಒಲೆಗೆ ಅಡ್ಡಬಿದ್ದು ಎದ್ದ. ಹಣೆಗೆ ಬೂದಿ ಮೆತ್ತಿತು, ಒರೆಸಿಕೊಳ್ಳಲಿಲ್ಲ. ಮಲ್ಲಾಜಮ್ಮ ಅವನ ಮುಖ ನೋಡಲಿಲ್ಲ, ತಟ್ಟೆ ಇಟ್ಟರು. "ಉಣ್ಣು, ಸಾರು ಆರ್ತದ" ಅಂದರು. ಕ್ಷಮಿಸಿದರೋ ಇಲ್ಲವೋ ಅವನು ಕೇಳಲಿಲ್ಲ. ೨೭ನೇ ತಾರೀಖಿಗೆ ಇನ್ನು ಎಂಟು ದಿನ ಇತ್ತು. ಆ ಮಾತು ಕೇಳುವ ಹಕ್ಕು ನೋಟಿಸು ಗೋಡೆಯಿಂದ ಇಳಿದ ಮೇಲೆ ಬರುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ ಹಾಗೂ ಕಾರಣವಿಲ್ಲದೆಯೂ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

(ಅ) ಬರುವ ೨೪-೧೧-೨೦೨೫ರ ಸೋಮವಾರ ಸಂಜೆ ೬-೧೦ಕ್ಕೆ ತಾವು ಖುದ್ದಾಗಿ ಮಂಡಿಯ ತಾರಸಿಗೆ ದಯಮಾಡಿಸಬೇಕು. ಏಣಿಯ ಐದನೇ ಮೆಟ್ಟಿಲು ಅಲ್ಲಾಡುತ್ತದೆ, ಆರನೆಯದನ್ನು ನಂಬಬಹುದು.

(ಆ) ಅಂದು ಮಲ್ಲಾಜಮ್ಮನವರು ಮಧ್ಯಾಹ್ನದಿಂದಲೇ ಒಲೆ ಆರಿಸಿ, ಬೂದಿಗೆ ನೀರು ಹಾಕಲು ಒಪ್ಪಿದ್ದಾರೆ. ಒಪ್ಪಲು ಅವರಿಗೆ ಕಷ್ಟವಾಯಿತು. ತಾವು ತಾರಸಿ ಹತ್ತುವ ಮೊದಲು ಒಲೆಯೊಳಗೆ ಕೈಯಿಟ್ಟು ನೋಡಬಹುದು.

(ಇ) ಅರ್ಜಿದಾರ ತನ್ನದೇ ಚಿಪ್ಪಿನ ಕೆಂಡದಲ್ಲಿ, ತಮ್ಮ ಎದುರೇ, ಒಂದು ಬಟ್ಟಲು ಧೂಪ ಹಾಕುವನು. ರೂಪಶ್ರೀ ಮೇಡಂ ಯಂತ್ರದ ಬಳಿ ಇದ್ದು ಗೆರೆ ಏಳುತ್ತಿದೆಯೋ ಇಲ್ಲವೋ ಫೋನಿನಲ್ಲಿ ತಮಗೇ ಹೇಳುವರು. ಮಧ್ಯೆ ತಾವು ಬಟ್ಟಲನ್ನು ಎತ್ತಿ ಆಚೆ ಇಟ್ಟು, ಮತ್ತೆ ಗೂಡಿಗೆ ಇಟ್ಟು ಎಷ್ಟು ಸಲ ಬೇಕಾದರೂ ಪರೀಕ್ಷಿಸಬಹುದು. ಬಟ್ಟಲಿಗೆ ಹಿಡಿ ಇದೆ, ಕೈ ಸುಡುವುದಿಲ್ಲ.

(ಈ) ಗೋಪುರ ಎದ್ದರೆ, ಉಲ್ಲೇಖ ೧ರ ನೋಟಿಸನ್ನು ಅಂದೇ ಹಿಂಪಡೆದು, ಹೆಸರು ತಿದ್ದಿ, ಅರ್ಜಿದಾರನ ರೂಮಿನ ಬಾಗಿಲಿಗೆ ಅಂಟಿಸಬೇಕು. ಕೀಳುವಾಗ ಗೋಡೆಯ ಸುಣ್ಣ ಕೀಳದಂತೆ ಮೊದಲು ನೀರು ಚಿಮುಕಿಸಿ ಕೀಳಬೇಕು.

(ಉ) ದೆಹಲಿಯ ಭಾಷಣವನ್ನು ನಿಲ್ಲಿಸಬೇಕೆಂದು ಅರ್ಜಿದಾರ ಕೇಳುವುದಿಲ್ಲ. ಒಂದು ಬಟ್ಟಲು ಕೆಂಡವನ್ನು ನಾನೂರು ಮೀಟರಿನಾಚೆಯಿಂದ ಕಂಡುಹಿಡಿದ ಯಂತ್ರ ಸಣ್ಣದಲ್ಲ. ಎಲ್ಲಿಂದ ಬಂತೆಂಬ ಜಾಗದಲ್ಲಿ "ಹೋಟೆಲು" ಎಂದಿರುವುದನ್ನು ಹೊಡೆದು "ಮಾದಣ್ಣ" ಎಂದು ಬರೆದುಕೊಂಡರೆ ಭಾಷಣಕ್ಕೆಂದು ತಾವು ಮಾಡಿಸಿದ ಉಳಿದ ಹದಿನೆಂಟು ಚಿತ್ರಗಳೂ ಹಾಗೇ ನಡೆಯುತ್ತವೆ.

ತಾವು ಇಲ್ಲಿಯವರೆಗೂ ಓದಿದ್ದೀರೆಂಬ ವಿಶ್ವಾಸದಿಂದ,

ತಮ್ಮ ವಿಶ್ವಾಸಿ,
(ಸಹಿ) ಮಾದಣ್ಣ

ಸ್ಥಳ: ಗುಂಡ್ಲುಪೇಟೆ
ದಿನಾಂಕ: ೨೦-೧೧-೨೦೨೫

ಲಗತ್ತುಗಳು:
೧. ಶುಕ್ರವಾರದ ಮತ್ತು ಸೋಮವಾರದ ಗೆರೆಯ ಹಾಳೆಗಳು, ಎರಡು. (ರೂಪಶ್ರೀ ಮೇಡಂ ಕೊಟ್ಟದ್ದಲ್ಲ, ಮೇಜಿನ ಮೇಲೆ ಇದ್ದವು ಎಂದು ಬರೆಯಲು ಅವರೇ ಹೇಳಿದ್ದಾರೆ.)
೨. ಸಾಂಬ್ರಾಣಿ, ಒಂದು ಪೊಟ್ಟಣ, ಮಾದರಿಗಾಗಿ.
೩. ಜುಲೈನಿಂದ ಈವರೆಗೆ "ಆಯ್ತು ಮಾದಣ್ಣ" ಬಂದ ವೇಳೆಗಳ ಪಟ್ಟಿ, ಫೋನು ನೋಡಿ ಬರೆದದ್ದು.
೪. ತಾರಸಿಯ ಬೀಗದ ಕೈ: ಸೋಮವಾರದವರೆಗೆ ಕನ್ನಡಿ ಒರೆಸಬೇಕಾದ್ದರಿಂದ ಸದ್ಯಕ್ಕೆ ಲಗತ್ತಿಸಿಲ್ಲ. ಅಂದು ಸಂ. ೬-೩೫ಕ್ಕೆ ತಮ್ಮ ಕೈಗೇ ಕೊಡಲಾಗುವುದು.

ಪ್ರತಿಗಳು:
ಹೆದ್ದಾರಿ ಬದಿ ಗಾಳಿ ಶುದ್ಧಿ ಸಮಿತಿಗೆ, ಮಾಹಿತಿಗಾಗಿ.
ಶ್ರೀಮತಿ ಮಲ್ಲಾಜಮ್ಮನವರಿಗೆ, ಓದಿ ಹೇಳಲಾಗಿದೆ. "ಇಷ್ಟುದ್ದ ಯಾಕ ಬರ್ದೆ" ಎಂದಿದ್ದಾರೆ.

ವಿಶೇಷ ಕೋರಿಕೆ: ಸೋಮವಾರ ತಾವು ೬-೧೦ಕ್ಕೆ ಸರಿಯಾಗಿ ಬರಬೇಕು. ಒಲೆ ಆರಿರುವ ಕಾರಣ ಒಪ್ಪತ್ತಿನ ನಲವತ್ತು ಜನ, ಬೆಳಗಿನಿಂದ ಉಣ್ಣದವರು, ತಾರಸಿಯ ಕಡೆ ಮುಖ ಮಾಡಿ ಕೆಳಗೆ ಕಾಯುತ್ತಿರುತ್ತಾರೆ. ತಡವಾದಲ್ಲಿ ಲೇಸರ್ ವಿಷಯವನ್ನು ಅವರಿಗೆ ವಿವರಿಸುವ ಹೊಣೆ ತಾಂತ್ರಿಕ ಸದಸ್ಯರದೇ ಆಗುತ್ತದೆ.